ಹದಿನೇಳನೆಯ ಇಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೈಲಹೊಂಗಲದ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಫೋಟೊ, ಅದರ ಪಕ್ಕದಲ್ಲಿ ನೀಲಿ ಕೋಟಿನ ಇನ್ನೊಂದು ಫೋಟೊ, ಇವೆರಡು ಬಿಟ್ಟರೆ ಕೈಮುಗಿಯುವಂಥದ್ದು ಏನೂ ಇರಲಿಲ್ಲ. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಯಾರಾದರೂ ನಿಂಬೆಹಣ್ಣು ಮಂತ್ರಿಸಿ ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ. ಮನೆಗೆ ತಂದು ಶರಬತ್ತು ಮಾಡಿ ಕುಡಿಯುತ್ತಿದ್ದರು, ನನಗೂ ಅಕ್ಕನಿಗೂ ಅರ್ಧರ್ಧ ಲೋಟ ಕೊಡುತ್ತಿದ್ದರು. ಅಂಥ ಶರಬತ್ತು ಕುಡಿದು ಬೆಳೆದವಳು ನಾನು. ವಿಚಿತ್ರ ಅನುಭವ ಎಂದು ಪತ್ರಿಕೆಗಳಲ್ಲಿ ಬರೆದುಕೊಳ್ಳುವವರನ್ನು ಓದಿ, ಇವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ನಗುತ್ತಿದ್ದೆ.

ಈಗ ನಾನೇ ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ, ನನ್ನದೇ ಸಾಲ ತೀರಿದ ಹಾಗಾಯಿತು. ಒಂದೇ ಕೋರಿಕೆ. ಇದನ್ನು ಓದಿ ಯಾರೂ ಗಿಡ ಹುಡುಕಿಕೊಂಡು ಹೋಗಬೇಡಿ. ಅದಕ್ಕೇ ಗಿಡದ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಆಸ್ಪತ್ರೆಗೆ ಹೋಗಿ, ನಾಳೆ ನಾಡಿದ್ದು ಎನ್ನಬೇಡಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಎನ್ನುವುದು ಓದುತ್ತ ಹೋದಂತೆ ಗೊತ್ತಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ನಮ್ಮ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಾಟಿ ಔಷಧಿಯ ಗಿಡಗಳಿಂದ ಸಾರ ತೆಗೆದು, ಸ್ತನ ಕ್ಯಾನ್ಸರ್ ಇರುವ ಇಲಿಗಳಿಗೆ ಕುಡಿಸಿ, ಗಂಟು ಕರಗುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಇಲಿಗೆ ಕ್ಯಾನ್ಸರ್ ಬರಲಿ ಎಂದು ಕಾಯುತ್ತ ಕೂರಲಾಗುವುದಿಲ್ಲ, ನಾವೇ ಬರಿಸುತ್ತೇವೆ. ಎಣ್ಣೆಯಲ್ಲಿ ಕರಗಿಸಿದ ಒಂದು ವಿಷವನ್ನು ಒಮ್ಮೆ ಬಾಯಿಗೆ ಹಾಕಿದರೆ ಮೂರು ತಿಂಗಳಿಗೆಲ್ಲ ಎದೆಯ ಸಾಲಿನಲ್ಲಿ ಗಂಟು ಏಳುತ್ತದೆ. ಆಮೇಲೆ ಔಷಧಿ. ಕೊನೆಗೆ ಎಲ್ಲ ಇಲಿಗಳನ್ನೂ ಕೊಂದು ಅಂಗಾಂಶವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ವಾಸಿಯಾದದ್ದಕ್ಕೂ ಅದೇ ಗತಿ, ಆಗದ್ದಕ್ಕೂ ಅದೇ ಗತಿ. ಈಗ ಬರೆಯುವಾಗ ಕೈ ತಡೆಯುತ್ತದೆ. ಆಗ ತಡೆಯುತ್ತಿರಲಿಲ್ಲ.

ಇಪ್ಪತ್ನಾಲ್ಕು ಬಿಳಿ ಹೆಣ್ಣಿಲಿಗಳು ಬಂದಿದ್ದವು. ಒಂದೊಂದರ ಮೈಮೇಲೂ ಹಳದಿ ಬಣ್ಣದ ಗುರುತು, ಕಿವಿಯಲ್ಲಿ ಸಣ್ಣ ತೂತು, ಪಂಜರಕ್ಕೆ ನಂಬರಿನ ಚೀಟಿ. ಇಲಿಗಳಿಗೆ ಹೆಸರಿಡಬಾರದು ಎನ್ನುವುದು ನಮಗೆ ಮೊದಲ ದಿನ ಕಲಿಸುವ ಪಾಠ. ಹೆಸರಿಟ್ಟರೆ ಕೊನೆಯ ದಿನ ಕೈ ನಡೆಯುವುದಿಲ್ಲ. ಅವುಗಳನ್ನು ನೋಡಿಕೊಳ್ಳುತ್ತಿದ್ದ ರಾಜೇಸಾಬ ಕಾಕಾ ಇಪ್ಪತ್ತು ವರ್ಷದ ಅನುಭವಸ್ಥ. ಆತ ಕೂಡ "ಏಳನೇದು ನೀರ ಕುಡಿವಲ್ದರಿ ಮೇಡಮ್, ಹನ್ನೆರಡನೇದು ಬಾಲಾ ಕಡಕೊಂಡೈತ್ರಿ" ಎಂದೇ ಮಾತಾಡುತ್ತಿದ್ದ. ಹದಿನೇಳನೆಯದು ಮಹಾ ಸಿಡುಕಿನದು. ಬಂದ ವಾರದಲ್ಲೇ ನನ್ನ ಬಲಗೈ ತೋರುಬೆರಳಿಗೆ ಕಚ್ಚಿ ರಕ್ತ ಬರಿಸಿತ್ತು.

ಗಿಡದ ಸುದ್ದಿ ಕೊಟ್ಟವರು ನಮ್ಮ ಮಾರ್ಗದರ್ಶಕರು. ಕಿತ್ತೂರಿನವರು, ಹಳ್ಳಿ ಹಳ್ಳಿ ತಿರುಗಿದವರು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಬಸವ್ವ ಎಂಬ ಮುದುಕಿ ಎದೆಯ ಗಂಟಿಗೆ ಒಂದು ಬೇರು ಕೊಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು. "ಹಿತ್ತಲ ಗಿಡಾ ಮದ್ದಲ್ಲ ಅಂತ ಕುಂತ್ರ ನಾವು ಯಾವಾಗ ನೋಡೂದವಾ? ಹೋಗಿ ತಗೊಂಡ ಬಾ" ಎಂದರು. ಅದು ನವೆಂಬರ್ ತಿಂಗಳು. ಮಳೆಗಾಲದ ಗಿಡಗಳು ಒಣಗುವ ಮುಂಚೆ ತರಬೇಕಾಗಿತ್ತು.

ಸಾಲಹಳ್ಳಿಗೆ ಸವದತ್ತಿಯ ಮೇಲೆಯೇ ಹೋಗಬೇಕು. ಸವದತ್ತಿಯಲ್ಲಿ ನನ್ನ ಅಕ್ಕ ಸುಜಾತಾಳ ಮನೆ. ಹಿಂದಿನ ದಿನವೇ ಹೋಗಿ ಅಲ್ಲಿ ಉಳಿದೆ. ಅಕ್ಕ ಹೊಲಿಗೆ ಕೆಲಸ ಮಾಡುತ್ತಿದ್ದಳು. ಅವಳು ಹೊಲಿದ ಜಂಪರ್, ಅಂದರೆ ಸೀರೆಯ ರವಿಕೆ, ಒಮ್ಮೆ ಹಾಕಿಕೊಂಡವರು ಬೇರೆ ಕಡೆ ಹೋಗುತ್ತಿರಲಿಲ್ಲ. ಮದುವೆಗಳ ಕಾಲ, ಮನೆ ತುಂಬ ಬಟ್ಟೆಯ ತುಂಡುಗಳು. ಊಟವಾದ ಮೇಲೆ ಭಾವ ಹೊರಗೆ ಹೋದದ್ದನ್ನು ನೋಡಿ ಅಕ್ಕ ನನ್ನನ್ನು ಒಳಕೋಣೆಗೆ ಕರೆದಳು. "ನೀ ಇಲಿಗೋಳಿಗೆ ಮುಟ್ಟಿ ನೋಡತಿಯಲ್ಲಾ, ನನಗೂ ಒಂದೀಟ ನೋಡು" ಎಂದು ನನ್ನ ಕೈ ಹಿಡಿದು ಎಡಗಡೆ ಇಟ್ಟುಕೊಂಡಳು.

ಹಿಂದಿನ ವರ್ಷವೆಲ್ಲ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಇಲಿಗಳ ಗಂಟು ಮುಟ್ಟಿ ಮುಟ್ಟಿ ನನ್ನ ಬೆರಳು ಪಳಗಿದ್ದವು. ಹುಣಸೆ ಬೀಜದಷ್ಟಿತ್ತು. ಒತ್ತಿದರೆ ಜಾರಲಿಲ್ಲ, ನೋಯಲಿಲ್ಲ. ನೋಯದ ಗಂಟು ಒಳ್ಳೆಯದಲ್ಲ. ನಾಳೆಯೇ ಬೆಳಗಾವಿಗೆ ನಡಿ ಎಂದೆ. "ಲಗ್ನದ ಜಂಪರ್ ಹನ್ನೊಂದ ಅದಾವು. ಕೊಟ್ಟ ಮ್ಯಾಲ ಹೋಗೂಣಂತ. ಯಾರ ಮುಂದನೂ ಹೆಸರ ಎತ್ತಬ್ಯಾಡ ಮತ್ತ, ಇವರ ಮುಂದ ಅಂತೂ ಬ್ಯಾಡ" ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಳು. ಆಣೆ ಪ್ರಮಾಣ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ನಾನು ನಗಲು ನೋಡಿದೆ. ನಗೆ ಬರಲಿಲ್ಲ. ಹೂಂ ಎಂದೆ. ಮರುದಿನ ಬೆಳಿಗ್ಗೆ ರಾಮದುರ್ಗದ ಬಸ್ಸಿನಲ್ಲಿ ಕುಳಿತಾಗ ಬೆರಳ ತುದಿಯಲ್ಲಿ ಆ ಬೀಜ ಹಾಗೆಯೇ ಇತ್ತು.

ಬಸವ್ವ ಒಕ್ಕಲುತನದ ಮನೆಯವಳು, ಎಪ್ಪತ್ತು ದಾಟಿದಾಕೆ, ಹಣೆಯಲ್ಲಿ ಢಾಳವಾದ ವಿಭೂತಿ. "ಬರ್ರಿ, ಕುಂದರ್ರಿ" ಎಂದು ಕಟ್ಟೆಯ ಮೇಲೆ ಕೂರಿಸಿ ತಂಬಿಗೆಯಲ್ಲಿ ನೀರು ಕೊಟ್ಟಳು. ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಮಾತಿಗೆ ಮುಂಚೆ ಬರುವ ಪ್ರಶ್ನೆ, ನೀವು ಯಾರ ಪೈಕಿ ಎನ್ನುವುದು. ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ನಾನು ಹೋಗುತ್ತೇನೆ, ಧ್ವನಿಯಲ್ಲಿ ಸ್ವಲ್ಪ ಖಾರವನ್ನೂ ಬೆರೆಸಿಕೊಂಡು. ಆಯಿ, ಅಜ್ಜಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ, ಅದನ್ನು ಕೇಳಲೇ ಇಲ್ಲ. ನಾನು ಸಿದ್ಧ ಮಾಡಿಕೊಂಡಿದ್ದ ಖಾರವೆಲ್ಲ ವ್ಯರ್ಥವಾಯಿತು.

ಗಿಡ ಇದ್ದದ್ದು ತೊರಗಲ್ ಕೋಟೆಯ ಹಿಂದಿನ ಗುಡ್ಡದಲ್ಲಿ. ಇಳಿಹೊತ್ತಿಗೆ ಟಂಟಂ ಆಟೊದಲ್ಲಿ ಕುಳಿತು ಹೋದೆವು. ನಾನು ಚೀಲ ಬಿಚ್ಚಿ ಸಲಿಕೆ ತೆಗೆದೆ. "ಅದನ್ನ ಒಳಗಿಡು. ಇವತ್ತ ಬರೇ ಕರೀಯಾಕ ಬಂದೇವಿ. ತಗೋಳೂದು ನಾಳಿ" ಎಂದಳು. ಕರೆಯುವುದು ಅಂದರೇನು ಎಂದು ಕೇಳಿದೆ. "ಊಟಕ್ಕ ಕರೀದ ನೀ ಯಾರರ ಮನಿಗೆ ಹೊಕ್ಕೀಯೇನು? ಗಿಡಾನೂ ಹಂಗ." ಸುತ್ತ ನೋಡಿ ಎಲ್ಲಕ್ಕಿಂತ ದೊಡ್ಡದೊಂದು ಗಿಡ ಆರಿಸಿದಳು. ಅದಕ್ಕೆ ಅರಿಷಿಣದ ದಾರ ಕಟ್ಟಿದಳು, ಬುಡದಲ್ಲಿ ಎಲೆ ಅಡಿಕೆ, ಒಂದು ಹಿಡಿ ಜೋಳ ಇಟ್ಟಳು. ಇದು ಒಪ್ಪಿದರೆ ಉಳಿದ ಸಣ್ಣವೆಲ್ಲ ಬೆನ್ನು ಹತ್ತಿ ಬರುತ್ತವಂತೆ. ನಾನು ಗಡಿಯಾರ ನೋಡಿಕೊಂಡೆ.

ಆಗ ಆಯಿ ನನ್ನ ಕಡೆ ತಿರುಗಿ, "ಯಾರ ಸಲುವಾಗಿ? ಹೆಸರ ಹೇಳವ್ವಾ. ಯಾರ ಮನಿಗೆ ಹೊಂಟೀನಿ ಅಂತ ಅದಕ ಗೊತ್ತಾಗಬೇಕಲ್ಲ" ಎಂದಳು.

ಓದುಗರೇ, ನನ್ನ ನಾಲಿಗೆಯ ಮೇಲೆ ಅಕ್ಕನ ಹೆಸರಿತ್ತು. ಸುಳ್ಳು ಹೇಳಿ ಏನು ಪ್ರಯೋಜನ. ಬಾಯಿ ಕೂಡ ತೆರೆದಿದ್ದೆ. ಆದರೆ ಹೆಸರು ಎತ್ತಬೇಡ ಎಂದಿದ್ದಳು. ಮೇಲಾಗಿ, ಗಿಡವೊಂದರ ಮುಂದೆ ಅಕ್ಕನ ಹೆಸರು ಹೇಳಿದರೆ ನಾನು ಇದನ್ನೆಲ್ಲ ನಂಬಿದ ಹಾಗಾಗುತ್ತದೆ. ಅಪ್ಪನ ಶರಬತ್ತು ನೆನಪಾಯಿತು. ಪಟ್ಟಿ ಸುತ್ತಿದ ತೋರುಬೆರಳು ಕಣ್ಣಿಗೆ ಬಿತ್ತು. "ಹದಿನೇಳು" ಎಂದೆ.

"ಅದೆಂಥಾ ಹೆಸರು?"

"ಇಲಿ ಆಯಿ. ಹೆಣ್ಣಿಲಿ. ಅದಕ ಹೆಸರಿಲ್ಲ, ನಂಬರ್ ಐತಿ."

ಬೈಯುತ್ತಾಳೆ ಎಂದುಕೊಂಡೆ. ಆಯಿ ನನ್ನ ಬೆರಳು ನೋಡಿದಳು. ಇದನ್ನು ಕಚ್ಚಿದ್ದು ಅದೇ ಏನು ಎಂದು ಕೇಳಿದಳು. ಹೌದು ಎಂದೆ. "ಕಚ್ಚಿದಾಕಿ ಸಲುವಾಗಿ ಕೇಳಾಕ ಇಷ್ಟ ದೂರ ಬಂದೀ. ಚಲೋ ಮನಸೈತಿ ನಿಂದು" ಎಂದಳು. ಆಮೇಲೆ ಗಿಡದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು, ನೆರೆಮನೆಯವಳ ಹತ್ತಿರ ಮಾತಾಡುವಂತೆ ಹೇಳಿದಳು, "ಬೈಲಹೊಂಗಲದ ಕಡೆ ಹದಿನೇಳ ಅಂತ ಒಬ್ಬಾಕಿ ಅದಾಳ. ಎದ್ಯಾಗ ಗಂಟ ಐತಿ."

"ಇನ್ನೂ ಬಂದಿಲ್ಲ ಆಯಿ. ನಾವ ಬರಸತೇವಿ" ಎಂದು ನಾನು ತಿದ್ದಿದೆ. ವೈಜ್ಞಾನಿಕ ನಿಖರತೆ ನೋಡಿ, ಎಂಥ ಕಡೆ ನೆನಪಾಗುತ್ತದೆ!

ಮುದುಕಿ ನನ್ನ ಕಡೆ ತಿರುಗಿದಳು. "ನೀವ ಬರಸತೀರಿ?" ಎಂದಳು. ನಾನು ತಲೆಯಾಡಿಸಿದೆ. "ಹಂಗಾರ ಆಕಿಗೆ ಭಾಳ ಜರೂರ ಐತಿ" ಎಂದು ಗಿಡದ ಕಡೆ ತಿರುಗಿ, "ನಾಳಿ ಬರತೇವಿ. ಆಕಿ ಸಲುವಾಗಿ ನಮ್ಮ ಸಂಗಾಟ ನಡಿ" ಎಂದು ಎದ್ದಳು.

ಮರುದಿನ ಸೂರ್ಯ ಹುಟ್ಟುವಾಗ ಯಾರೊಂದಿಗೂ ಮಾತಾಡದೆ ಹೋಗಿ, ಕಬ್ಬಿಣ ಮುಟ್ಟಿಸದೆ, ಮೊನೆ ಮಾಡಿದ ಕಟ್ಟಿಗೆಯಿಂದ ಅಗೆದು ಬೇರು ತೆಗೆದೆವು. ಮುರಿದಾಗ ಬಂದ ವಾಸನೆ ನನಗೆ ಚೆನ್ನಾಗಿ ನೆನಪಿದೆ. ಹಸಿ ಜೋಳದ ದಂಟು ಮುರಿದ ವಾಸನೆ, ಹಿಂದೆಯೇ ಒಂದಿಷ್ಟು ಕಹಿ. ನೆರಳಲ್ಲಿ ಒಣಗಿಸಿದ ಮೇಲೆ ಅದು ಪೂರ್ತಿ ಹೋಯಿತು. ಪುಡಿ ಮಾಡಿ ಸಾರ ತೆಗೆದಾಗ ಬಾಟಲಿಯಲ್ಲಿ ಉಳಿದದ್ದು ಸೀದ ಬೆಲ್ಲದಂತೆ ನಾರುವ ಕಪ್ಪು ರಾಡಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಪ್ಪತ್ನಾಲ್ಕು ಇಲಿಗಳನ್ನು ನಾಲ್ಕು ಗುಂಪು ಮಾಡಬೇಕು. ಒಂದಕ್ಕೆ ರೋಗವನ್ನೇ ಕೊಡುವುದಿಲ್ಲ. ಉಳಿದ ಮೂರಕ್ಕೂ ರೋಗ ಕೊಟ್ಟು, ಒಂದಕ್ಕೆ ಆಸ್ಪತ್ರೆಯ ಔಷಧಿ, ಒಂದಕ್ಕೆ ನಮ್ಮ ಬೇರಿನ ಸಾರ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಗೋಂದಿನ ನೀರು. ಹೋಲಿಕೆಗೆ ಅದು ಬೇಕೇ ಬೇಕು. ಪಕ್ಷಪಾತ ಆಗಬಾರದೆಂದು ಚೀಟಿ ಎತ್ತುತ್ತೇವೆ. ರಾಜೇಸಾಬ ಕಾಕಾ ಎತ್ತಿದ. ಹದಿನೇಳು ಗೋಂದಿನ ನೀರಿನ ಗುಂಪಿಗೆ ಬಿತ್ತು. ಬಸವ್ವಾಯಿ ಯಾರಿಗಾಗಿ ಗಿಡವನ್ನು ಕರೆದಿದ್ದಳೋ ಅದಕ್ಕೇ ಗಿಡ ಸಿಗುವುದಿಲ್ಲ. ಬದಲಿಸುವ ಹಾಗಿರಲಿಲ್ಲ. ಬದಲಿಸಬೇಕೆಂದು ನನಗೆ ಅನ್ನಿಸಲೂ ಇಲ್ಲ.

ಆ ಹೊತ್ತಿಗೆ ಅಕ್ಕನನ್ನು ಬೆಳಗಾವಿಗೆ ಕರೆದೊಯ್ದಿದ್ದೆ. ಹನ್ನೊಂದು ಜಂಪರ್ ಕೊಟ್ಟ ಮೇಲೆಯೇ ಬಂದಳು. ಕ್ಯಾನ್ಸರ್ ಎಂದರು. ಎಡಗಡೆಯದನ್ನು ಪೂರ್ತಿ ತೆಗೆದರು. ಸಂಕ್ರಾಂತಿಯ ಹೊತ್ತಿಗೆ ಕೀಮೊ ಶುರುವಾಗಿ ಕೂದಲು ಉದುರಿತು. ಅತ್ತ ಮಾರ್ಚ್‌ನಲ್ಲಿ ಇಲಿಗಳಿಗೂ ಗಂಟು ಎದ್ದವು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ಅಳತೆ ತೆಗೆಯುತ್ತಿದ್ದೆ. ಬೆಳಿಗ್ಗೆ ಇಲಿಯ ಗಂಟು, ಸಂಜೆ ಫೋನಿನಲ್ಲಿ ಅಕ್ಕನ ಧ್ವನಿ. ಎಲ್ಲಕ್ಕಿಂತ ದೊಡ್ಡ ಗಂಟು ಹದಿನೇಳರದ್ದೇ, ಆಡುವ ಗೋಲಿಯಷ್ಟು. ಪಾಪ, ಅದು ಕಚ್ಚುವುದನ್ನೇ ಬಿಟ್ಟಿತ್ತು. ಏಪ್ರಿಲ್ ಕೊನೆಗೆ ಡಾಕ್ಟರು ಅಕ್ಕನ ಶ್ವಾಸಕೋಶದಲ್ಲೂ ಕಾಣಿಸುತ್ತಿದೆ ಎಂದು ಭಾವನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು.

ಅದಾದ ಮೇಲಿನ ವಾರ. ಮೇ ತಿಂಗಳ ಒಂದು ಶನಿವಾರ, ಮಟಮಟ ಮಧ್ಯಾಹ್ನ. ಇಲ್ಲಿಯವರೆಗೆ ಬರೆದದ್ದು ಬರಿಯ ಪೀಠಿಕೆ, ನಾನು ಹೇಳಬೇಕಾದದ್ದು ಇದನ್ನು. ಹದಿನಾರರ ಅಳತೆ ಬರೆದು ಹದಿನೇಳನ್ನು ಎತ್ತಿಕೊಂಡೆ. ಬೆರಳು ಆಡಿಸಿದೆ, ಗಂಟು ಸಿಗಲಿಲ್ಲ. ಮಗುಚಿ ನೋಡಿದೆ. ಆ ಜಾಗದಲ್ಲಿ ಮೆತ್ತಗಿನ ಚರ್ಮ, ಬಿಳಿಯ ಕೂದಲು, ಅಷ್ಟೆ. ಮಂಗಳವಾರ ಗೋಲಿಯಷ್ಟು ದಪ್ಪ ಇದ್ದದ್ದು ಶನಿವಾರ ಇಲ್ಲ. ಬೇರೆ ಇಲಿ ಹಿಡಿದಿದ್ದೇನೆ ಎಂದುಕೊಂಡು ಚೀಟಿ ನೋಡಿದೆ, ಹಳದಿ ಗುರುತು ನೋಡಿದೆ, ಕಿವಿಯ ತೂತು ನೋಡಿದೆ. ಅದೇ. ಆಗ ಮೂಗಿಗೆ ವಾಸನೆ ಬಡಿಯಿತು.

ನಾನು ಬಾಯಿ ಬಿಡಲಿಲ್ಲ. ರಾಜೇಸಾಬ ಕಾಕಾನೇ ಪಂಜರ ತೊಳೆಯುವುದನ್ನು ಬಿಟ್ಟು ಹತ್ತಿರ ಬಂದ. "ಹಸೀ ದಂಟಿನ ವಾಸನಿ ಬರಾಕತ್ತೈತಲ್ರಿ ಮೇಡಮ್" ಎಂದ. ಎಲ್ಲಿಂದ ಎಂದು ಕೇಳಿದೆ. ಅತ್ತ ಇತ್ತ ಮೂಸಿ, ನನ್ನ ಕೈಯಲ್ಲಿದ್ದ ಇಲಿಯ ಬೆನ್ನಿಗೆ ಮೂಗು ಹಚ್ಚಿ, "ಇದರ ಮೈಯಾಗಿಂದರಿ" ಎಂದ.

ಮೇ ತಿಂಗಳಲ್ಲಿ ನಮ್ಮ ಸೀಮೆಯ ಹೊಲದಲ್ಲಿ ಹಸಿ ದಂಟು ಎಲ್ಲಿಂದ ಬರಬೇಕು? ಬಣವೆಗಳಲ್ಲಿ ಒಣ ಕಣಿಕೆ ಮಾತ್ರ ಇತ್ತು. ಬಾಟಲಿಯ ಸಾರದ ವಾಸನೆಯೂ ಅದಲ್ಲ, ಮೊದಲೇ ಹೇಳಿದ್ದೇನೆ. ತೊರಗಲ್ ಗುಡ್ಡದಲ್ಲಿ ಬೇರು ಮುರಿದಾಗ ಬಂದ ವಾಸನೆ ಅದು, ಹಿಂದಿನ ಕಹಿಯ ಸಮೇತ. ಕಾಕಾನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಆತ ಬೇರನ್ನು ನೋಡಿದ್ದು ಒಣಗಿದ ಮೇಲೆ. ಐದು ನಿಮಿಷ ಇತ್ತೇನೋ. ಆಮೇಲೆ ಎಂದಿನ ಇಲಿಮನೆಯ ವಾಸನೆ ಬಂತು. ಹದಿನೇಳು ನನ್ನ ಅಂಗೈಯಲ್ಲಿ ತಿರುಗಿ, ಹಳೆಯ ಗಾಯದ ಪಕ್ಕದಲ್ಲೇ ಇನ್ನೊಮ್ಮೆ ಕಚ್ಚಿತು.

ನಾನು ಸುಮ್ಮನೆ ಕೂರುವವಳಲ್ಲ. ಇಪ್ಪತ್ನಾಲ್ಕನ್ನೂ ಹೊರಗೆ ತೆಗೆದು ಒಂದೊಂದಾಗಿ ತಾಳೆ ನೋಡಿದೆ. ಬಾಟಲಿಯಲ್ಲಿ ಉಳಿದ ಸಾರವನ್ನು ತೂಗಿದೆ, ಎಷ್ಟು ಉಳಿಯಬೇಕೋ ಅಷ್ಟೇ ಇತ್ತು. ಔಷಧಿ ಕುಡಿಸುತ್ತಿದ್ದವಳು ನಾನೊಬ್ಬಳೇ. ಒಂದು ವೇಳೆ ತಪ್ಪಿ ಕೊಟ್ಟಿದ್ದೆ ಎನ್ನೋಣ. ಸರಿಯಾಗಿ ಕುಡಿದ ಆರು ಇಲಿಗಳಿಗೆ ಆಗದ ಗುಣ ಇದಕ್ಕೇಕೆ ಆಯಿತು? ಹೌದು, ಆ ಆರಕ್ಕೂ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ನಮ್ಮ ಬೇರು ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಬೇರಿನ ರುಚಿಯನ್ನೇ ಕಾಣದ ಒಂದು ಇಲಿ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಭಾನುವಾರ ರಿಜಿಸ್ಟರ್ ಹಿಡಿದುಕೊಂಡು ಕಿತ್ತೂರಿಗೆ, ಸರ್ ಮನೆಗೆ ಹೋದೆ. ವಾಸನೆಯ ಸುದ್ದಿಯನ್ನು ಹೇಳಲಿಲ್ಲ, ಹುಚ್ಚಿ ಎಂದಾರು. ಅವರು ಎರಡು ಸಲ ಪುಟ ತಿರುವಿ, "ಒಂದೊಂದ ಸಲ ಗಂಟ ತಾವ ಕರಗತಾವು. ಕಾಗಿ ಕುಂಡ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಹೋತು" ಎಂದರು. ನಾಲ್ಕು ದಿನದಲ್ಲೇ ಸರ್ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿದರು. "ಕಂಡದ್ದನ್ನ ಬರಿ. ಕಾಣದ್ದನ್ನ ಬರೀಬ್ಯಾಡ" ಎಂದರು. ನಾನು ಹಾಗೆಯೇ ಮಾಡಿದೆ.

ಆದರೆ ಮರುದಿನ ಯಾರಿಗೂ ಹೇಳದೆ ಸಾಲಹಳ್ಳಿಗೆ ಹೋದೆ. ಈ ಸಲ ಬಸ್ಸಿನಲ್ಲಿ ಅಕ್ಕನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ, ಶಾಲೆಗೆ ಹೋಗುವ ಮಗು ಮಗ್ಗಿ ಹೇಳಿಕೊಳ್ಳುವ ಹಾಗೆ. ಅಪ್ಪ ನೋಡಿದ್ದರೆ ಏನೆನ್ನುತ್ತಿದ್ದರೋ. ಬಸವ್ವಾಯಿ ನನ್ನ ಮುಖ ನೋಡಿಯೇ, "ಆಕಿ ಆರಾಮ ಆದಳೇನು?" ಎಂದಳು. ಆದಳು ಎಂದೆ. ಇನ್ನೊಬ್ಬರಿಗೆ ಬೇಕು ಎಂದೆ. ಸುಜಾತಾ, ನನ್ನ ಒಡಹುಟ್ಟಿದ ಅಕ್ಕ ಎಂದೆ. ಅಳು ಬಂತು, ಅತ್ತುಬಿಟ್ಟೆ.

ಮುದುಕಿ ನನ್ನ ಕೈ ಹಿಡಿದುಕೊಂಡು ಕುಳಿತಳು. ಆಕೆ ಹೇಳಿದ್ದು ಇಷ್ಟೆ. "ಬ್ಯಾಸಗಿಯಾಗ ಅದು ನೆಲದಾಗ ಮಲಗಿರತೈತಿ ನನ್ನವ್ವಾ. ಗಿಡಾನ ಇಲ್ಲ, ನಾ ಯಾರನ್ನ ಕರೀಲಿ? ಶ್ರಾವಣಕ್ಕ ಬಾ." ಆಸ್ಪತ್ರೆ ಬಿಡಿಸಬೇಡಿ ಎಂದೂ ಹೇಳಿದಳು. ನವೆಂಬರ್‌ನಲ್ಲಿ ಗುಡ್ಡದ ತುಂಬ ಗಿಡ ನಿಂತಿತ್ತು. ಆಗ ಹೆಸರು ಕೇಳಿದಾಗ ನಾನು ಇಲಿಯ ನಂಬರು ಹೇಳಿದ್ದೆ.

ಅಕ್ಕನನ್ನು ನಗಿಸಲೆಂದು ಹದಿನೇಳರ ಕತೆಯನ್ನು ಅವಳಿಗೆ ಹೇಳಿದ್ದೆ. ನಾಲಿಗೆಯ ಮೇಲೆ ಇದ್ದ ಹೆಸರಿನ ವಿಷಯ ಮಾತ್ರ ಬಿಟ್ಟಿದ್ದೆ. ಅವಳು ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಫೋನ್ ಮಾಡಿದಾಗಲೆಲ್ಲ ತನ್ನ ಸುದ್ದಿ ಹೇಳುವ ಮುಂಚೆ "ಹದಿನೇಳ ಹೆಂಗದಾಳ?" ಎಂದು ಕೇಳುತ್ತಿದ್ದಳು. ಜೂನ್‌ನಲ್ಲಿ ಪ್ರಯೋಗ ಮುಗಿಯುವ ಹಿಂದಿನ ದಿನ, ಬೆಳಗಾವಿಯಿಂದ ಮರಳುವಾಗ ಕಾರು ನಿಲ್ಲಿಸಿ ಕಾಲೇಜಿಗೇ ಬಂದಳು. ಹೊರಗಿನವರನ್ನು ಬಿಡುವ ಹಾಗಿಲ್ಲ, ಕೀಮೊ ಆದವರನ್ನಂತೂ ಇಲಿಯ ಹತ್ತಿರ ಬಿಡಲೇಬಾರದು. ಬಾಗಿಲಿನ ಗಾಜಿನ ಆಚೆ ಕುರ್ಚಿ ಹಾಕಿ ಕೂರಿಸಿದೆವು. ಕಾಕಾ ಒಳಗಿನಿಂದ ಪಂಜರ ತಂದು ಗಾಜಿಗೆ ಹಿಡಿದ. ಹಗಲೆಲ್ಲ ಮಲಗಿರುವ ಪ್ರಾಣಿ ಎದ್ದು, ಹಿಂಗಾಲಿನ ಮೇಲೆ ನಿಂತು, ಮುಂಗಾಲುಗಳನ್ನು ಸರಳಿಗೆ ಇಟ್ಟು ಅವಳನ್ನೇ ನೋಡಿತು. ಅಕ್ಕ ಗಾಜಿನ ಮೇಲೆ ಅಂಗೈ ಇಟ್ಟಳು.

ನಾಳೆ ಏನು ಮಾಡುತ್ತೀರಿ ಎಂದು ಕೇಳಿದಳು. ನಿಜ ಹೇಳಿದೆ. ಇಪ್ಪತ್ನಾಲ್ಕು ಬಂದಿವೆ ಎಂದು ಬರೆದ ಮೇಲೆ ಇಪ್ಪತ್ನಾಲ್ಕರ ಅಂಗಾಂಶವೂ ಬೇಕು. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಅನ್ನಲಿಲ್ಲ. "ನೋವಾಗದಂಗ ಮಾಡು" ಎಂದು ಕಾರು ಹತ್ತಿದಳು.

ಮರುದಿನ ನೋವಾಗದಂತೆ ಮಾಡಿದೆ. ಹದಿನೇಳನ್ನು ಕೊನೆಗೆ ಇಟ್ಟುಕೊಂಡೆ. ಹೆಸರಿಡಬಾರದು ಎಂದು ಯಾಕೆ ಕಲಿಸುತ್ತಾರೆ ಎನ್ನುವುದು ಅಂದು ತಿಳಿಯಿತು. ನಂಬರೂ ಒಂದು ಹೆಸರೇ ಆಗಿಬಿಟ್ಟಿತ್ತು. ವರದಿ ಬರೆದವರು ಆ ಜಾಗದ ಅಂಗಾಂಶದಲ್ಲಿ ರೋಗದ ಕುರುಹು ಇಲ್ಲ, ಹಿಂದೆ ಇತ್ತು ಎನ್ನುವುದಕ್ಕೂ ಕುರುಹಿಲ್ಲ ಎಂದರು. ಮಾದರಿ ಅದಲುಬದಲಾಗಿದೆಯೇ ನೋಡಿಕೊಳ್ಳಿ ಎಂದು ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಆ ಗಾಜಿನ ಸ್ಲೈಡ್ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಏನೂ ಇಲ್ಲ. ಏನೂ ಇಲ್ಲದ್ದನ್ನು ಅರ್ಧ ಗಂಟೆ ನೋಡುತ್ತ ಕೂರುವವಳಿಗೆ ಏನೆನ್ನಬೇಕೋ ನೀವೇ ಹೇಳಿ. ಕಾರಣ ಬಲ್ಲವರಿದ್ದರೆ ತಿಳಿಸಲಿ, ವಾದ ಮಾಡದೆ ಕೇಳುತ್ತೇನೆ.

ಮಳೆ ಆ ವರ್ಷ ಚೆನ್ನಾಗಿಯೇ ಆಯಿತು. ಶ್ರಾವಣವೂ ಬಂತು. ಅಕ್ಕ ಅಷ್ಟು ಕಾಯಲಿಲ್ಲ.

ಅವಳು ಹೋಗುವ ಎರಡು ವಾರ ಮುಂಚೆ ಸವದತ್ತಿಗೆ ಹೋಗಿದ್ದೆ. ಯಾರು ಬೇಡವೆಂದರೂ ಕೇಳದೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ತನ್ನದೇ ಒಂದು ಹೊಸ ಜಂಪರಿನ ಹೊಲಿಗೆ ಬಿಚ್ಚಿ ನನ್ನ ಅಳತೆಗೆ ಹಿಡಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಆ ಆಯಿ ಹೆಸರ ಕೇಳಿದಾಗ ನಿನಗ ನನ್ನ ಹೆಸರ ನೆನಪಾಗಲಿಲ್ಲೇನ?"

ಸುಳ್ಳು ಹೇಳಬಹುದಿತ್ತು. "ನೆನಪಾಗಿತ್ತಕ್ಕಾ. ನಾಲಿಗಿ ಮ್ಯಾಲ ಇತ್ತು" ಎಂದೆ.

ಯಂತ್ರ ಸ್ವಲ್ಪ ಹೊತ್ತು ಓಡಿತು. ಅವಳು ದಾರವನ್ನು ಹಲ್ಲಿನಿಂದ ಕಡಿದು, ಜಂಪರ್ ಕೊಡವಿ ನನ್ನ ಮಡಿಲಿಗೆ ಹಾಕಿದಳು.

"ಇರಲಿ ಬಿಡು. ನನಗ ನೀವೆಲ್ಲಾರೂ ಇದ್ದಿರಿ. ಅದಕ ಯಾರ ಇದ್ದರು?" ಎಂದಳು.

ನಾನು ಒಳಗೆ ಹೋಗಿ ಜಂಪರ್ ಹಾಕಿಕೊಂಡು ಬಂದು ಅವಳಿಗೆ ತೋರಿಸಿದೆ.